ಒಬ್ರೇ ಎಲ್ಲಾ ಹೇಳ್ಬಿಟ್ರೆ ನೌಕೆ ನಡೆಸೋದು ಯಾರು?

ಪ್ರಶ್ನೆ: ನಾವು ನಾಲ್ಕು ಜನ ಆಗಾಗ ಸೇರಿ ಬೋರ್ಡ್ ಗೇಮ್ ಆಡ್ತೀವಿ. ಎಲ್ರೂ ಒಂದೇ ಟೀಮ್ ಆಗಿ, ಸ್ಪೇಸಲ್ಲಿ ಸಿಕ್ಕಾಕೊಂಡು ಜೀವ ಉಳಿಸ್ಕೊಂಡು ಬರೋ ತರದ ಆಟಗಳು ನಮಗೆ ತುಂಬಾ ಇಷ್ಟ. ಆದ್ರೆ ನಮ್ಮಲ್ಲೊಬ್ರು ಬಹಳ ಚುರುಕು, ಪ್ರತಿ ಸಲ ಎಲ್ರ ಟರ್ನನ್ನೂ ಅವರೇ ಪ್ಲಾನ್ ಮಾಡ್ಬಿಡ್ತಾರೆ, ಉಳಿದೋರಿಗೆ ಕಾಯಿ ಸರಿಸೋದಷ್ಟೇ ಕೆಲಸ. ಸ್ಪೇಸ್ ಅಲರ್ಟ್ ಅನ್ನೋ ಆಟ ತಗೊಂಡ್ರೆ ಇದು ಸರಿಹೋಗತ್ತೆ ಅಂತ ಕೇಳಿದೀವಿ, ಆದ್ರೆ ಹತ್ತು ನಿಮಿಷದ ಟೈಮರ್ ಅಂದ್ರೆ ಇನ್ನೊಬ್ರಿಗೆ ಹೆದರಿಕೆ. ತಗೋಬೋದಾ? ಬೇರೆ ಏನಾದ್ರೂ ಇದೆಯಾ?

ಉತ್ತರ: ತಗೊಳ್ಳಿ. ನಾಲ್ಕು ಜನ ಅಂದ್ರೆ ಆ ಆಟಕ್ಕೆ ಹೇಳಿ ಮಾಡಿಸಿದ ಸಂಖ್ಯೆ. ಆದ್ರೆ ಅದಕ್ಕೂ ಮುಂಚೆ ನಿಮ್ಮ ತೊಂದ್ರೆ ಎಲ್ಲಿಂದ ಬರ್ತಿದೆ ಅಂತ ಒಂದ್ಸಲ ನೋಡೋಣ, ಯಾಕಂದ್ರೆ ಅದು ಗೊತ್ತಾಗದೆ ಹೊಸ ಡಬ್ಬ ತಂದ್ರೆ ಅದೇ ಕಥೆ ಇನ್ನೊಂದು ಬೋರ್ಡ್ ಮೇಲೆ ನಡಿಯತ್ತೆ ಅಷ್ಟೇ.

ಆ ಚುರುಕಿನ ಸ್ನೇಹಿತರದ್ದು ಏನೂ ತಪ್ಪಿಲ್ಲ, ಇದನ್ನ ಗಟ್ಟಿಯಾಗೇ ಹೇಳ್ತೀನಿ. ಎಲ್ರ ಕಾರ್ಡೂ ಕಣ್ಮುಂದೆ ಇದೆ, ಯೋಚ್ನೆ ಮಾಡೋಕೆ ಎಷ್ಟು ಹೊತ್ತು ಬೇಕಾದ್ರೂ ಸಿಗತ್ತೆ, ಸೋತ್ರೆ ಎಲ್ರೂ ಒಟ್ಟಿಗೇ ಸೋಲ್ತಾರೆ, ಈ ಮೂರೂ ಸೇರಿದಾಗ ಒಳ್ಳೇ ದಾರಿ ಕಂಡೋರು ಬಾಯ್ಮುಚ್ಕೊಂಡು ಕೂತ್ರೆ ಅದು ಟೀಮಿಗೇ ಮಾಡೋ ಅನ್ಯಾಯ, ಅವರು ಮಾತಾಡ್ಲೇಬೇಕು, ಆಟ ಅವರನ್ನ ಮಾತಾಡೋ ಹಾಗೆ ಮಾಡತ್ತೆ. 2008ರಲ್ಲಿ ಬಂದ ಪ್ಯಾಂಡೆಮಿಕ್, 2010ರ ಫರ್ಬಿಡನ್ ಐಲ್ಯಾಂಡ್, ಎರಡೂ ಮ್ಯಾಟ್ ಲೀಕಾಕ್ ಅವರು ಮಾಡಿದ್ದು, ಎರಡೂ ಒಳ್ಳೇ ಆಟ, ಆದ್ರೂ ಅಲ್ಲಿ ಹೆಚ್ಚುಕಮ್ಮಿ ಎಲ್ಲಾ ವಿಷ್ಯನೂ ಎಲ್ರಿಗೂ ಕಾಣೋದ್ರಿಂದ ಅನುಭವ ಇರೋರೊಬ್ರು ನಾಲ್ಕೂ ಜನರ ಪರವಾಗಿ ಆಡಿ ಮುಗಿಸ್ಬೋದು. ಆಡೋರ ವಲಯದಲ್ಲಿ ಇದಕ್ಕೆ ಆಲ್ಫಾ ಪ್ಲೇಯರ್ ಸಮಸ್ಯೆ ಅಂತಾರೆ. ಅದನ್ನ ಮನುಷ್ಯರ ಸಮಸ್ಯೆ ಅಂತ ತಿಳ್ಕೊಂಡು ‘ಸ್ವಲ್ಪ ಸುಮ್ನಿರಿ’ ಅಂತ ಹೇಳಿ ಹೇಳಿ ಎಷ್ಟೋ ಗುಂಪುಗಳು ಮನಸ್ತಾಪ ಮಾಡ್ಕೊಂಡಿರೋದನ್ನ ನೋಡಿದೀನಿ. ಸರಿ ಮಾಡ್ಬೇಕಾಗಿರೋದು ಆಟವನ್ನ, ಸ್ನೇಹಿತರನ್ನಲ್ಲ.

ಸ್ಪೇಸಲ್ಲಿ ಬದುಕಿ ಉಳಿಯೋ ಆಟ ಅಂದ್ರೆ ನನ್ನ ಮಟ್ಟಿಗೆ ಒಂದೇ ಅಳತೆಗೋಲು: ನೌಕೆ ಮೇಲೆ ನಡಿತಿರೋದೆಲ್ಲ ಒಬ್ಬರ ತಲೆಯಲ್ಲಿ ಹಿಡಿಸ್ಬಾರ್ದು. ಏಲಿಯನ್ ಎಷ್ಟು ಚೆನ್ನಾಗಿ ಕೆತ್ತಿದಾರೆ, ಡಬ್ಬ ಎಷ್ಟು ಭಾರ ಇದೆ ಅನ್ನೋದೆಲ್ಲ ಆಮೇಲೆ. ಯಾಕೆ ಹೀಗೆ ಹೇಳ್ತೀನಿ ಅಂದ್ರೆ ನಿಜವಾದ ನೌಕೆಗಳಲ್ಲೂ ಹಾಗೇ. 1997ರ ಜೂನ್ 25ರಂದು ಮಿರ್ ಅನ್ನೋ ರಷ್ಯಾದ ಬಾಹ್ಯಾಕಾಶ ನಿಲ್ದಾಣಕ್ಕೆ ಪ್ರೋಗ್ರೆಸ್ ಅನ್ನೋ ಸರಕು ನೌಕೆ ಬಂದು ಗುದ್ದಿತು, ಸ್ಪೆಕ್ಟರ್ ಅನ್ನೋ ಭಾಗದಲ್ಲಿ ತೂತಾಗಿ ಗಾಳಿ ಸೋರೋಕೆ ಶುರುವಾಯ್ತು. ಒಳಗಿದ್ದೋರು ಮೂರೇ ಜನ, ವಾಸಿಲಿ ತ್ಸಿಬ್ಲಿಯೆವ್, ಅಲೆಕ್ಸಾಂಡರ್ ಲಜುತ್ಕಿನ್, ಮೈಕಲ್ ಫೋಲ್. ಆ ಭಾಗದ ಬಾಗಿಲು ಮುಚ್ಚೋಣ ಅಂದ್ರೆ ಬಾಗಿಲ ಮಧ್ಯೆ ಕೇಬಲ್‌ಗಳು ಹಾದುಹೋಗಿವೆ, ಅವನ್ನ ಬಿಡಿಸಿ, ಬಿಡದೇ ಇರೋದನ್ನ ಕತ್ತರಿಸಿ, ಆಮೇಲೆ ನಿಲ್ದಾಣದ ಒಳಗಿಂದಲೇ ಒಂದು ಮುಚ್ಚಳ ಇಟ್ಟು ಮುಚ್ಚಿದ್ರು. ಗಾಳಿ ಉಳಿತು, ಆದ್ರೆ ಸ್ಪೆಕ್ಟರ್‌ನ ಸೋಲಾರ್ ಪ್ಯಾನೆಲ್‌ಗಳ ಕರೆಂಟು ಹೋಯ್ತು, ಗುದ್ದಿದ ಏಟಿಗೆ ನಿಲ್ದಾಣ ಬೇರೆ ತಿರುಗ್ತಿತ್ತು, ಫೋಲ್ ಕಿಟಕಿಯಲ್ಲಿ ಹೆಬ್ಬೆರಳು ಹಿಡಿದು ನಕ್ಷತ್ರಗಳನ್ನ ನೋಡಿ ತಿರುಗೋ ವೇಗ ಅಂದಾಜು ಮಾಡಿದ್ರು, ಆ ಅಂದಾಜಿನ ಮೇಲೆ ನಿಲ್ದಾಣಕ್ಕೆ ಜೋಡಿಸಿದ್ದ ಸೋಯುಜ್ ನೌಕೆಯ ಎಂಜಿನ್ ಉರಿಸಿ ತಿರುಗಾಟ ನಿಲ್ಲಿಸಿದ್ರು. ಒಂದು ತೊಂದ್ರೆ ಬಗೆಹರಿಸಿದ್ದೇ ಇನ್ನೊಂದು ತೊಂದ್ರೆ ತಂತು ನೋಡಿ, ಮೂರು ಜನಕ್ಕೂ ಕೈತುಂಬಾ ಕೆಲಸ, ಒಬ್ಬರು ಕೂತು ಮೂವರಿಗೂ ಹೇಳಿಕೊಡೋಷ್ಟು ಪುರುಸೊತ್ತು ಯಾರಿಗೂ ಇರ್ಲಿಲ್ಲ. ಒಳ್ಳೇ ಸ್ಪೇಸ್ ಗೇಮ್ ನಿಮ್ಮನ್ನ ಕೂರಿಸ್ಬೇಕಾಗಿರೋದು ಈ ಜಾಗದಲ್ಲಿ.

ಸ್ಪೇಸ್ ಅಲರ್ಟ್ ಇದನ್ನ ಮಾಡೋ ರೀತಿ ನನಗೆ ಇವತ್ತಿಗೂ ಬೆರಗು. ವ್ಲಾಡಾ ಖ್ವಾಟಿಲ್ ಅನ್ನೋ ಜೆಕ್ ವಿನ್ಯಾಸಕಾರರದ್ದು, 2008ರಲ್ಲಿ ಬಂದಿದ್ದು, 2009ರಲ್ಲಿ ಜರ್ಮನಿಯ ಸ್ಪೀಲ್ ಡೆಸ್ ಯಾರೆಸ್ ಪ್ರಶಸ್ತಿಯೋರು ವಿಶೇಷ ಪ್ರಶಸ್ತಿ ಕೊಟ್ರು. ಆಟ ಎರಡು ಭಾಗ. ಮೊದಲ ಭಾಗದಲ್ಲಿ ಸುಮಾರು ಹತ್ತು ನಿಮಿಷದ ಆಡಿಯೋ ಓಡ್ತಿರತ್ತೆ, ನೌಕೆಯ ಕಂಪ್ಯೂಟರು ಇಂಥ ಹೊತ್ತಿಗೆ ಇಂಥ ಕಡೆಯಿಂದ ಅಪಾಯ ಬರ್ತಿದೆ ಅಂತ ಕೂಗತ್ತೆ, ನೀವು ಬೋರ್ಡ್ ನೋಡ್ಕೊಂಡು, ಒಬ್ಬರಿಗೊಬ್ಬರು ಕೂಗಾಡ್ಕೊಂಡು, ನಿಮ್ಮ ನಿಮ್ಮ ಹನ್ನೆರಡು ಹೆಜ್ಜೆಗೆ ಕಾರ್ಡ್‌ಗಳನ್ನ ಬೋರಲಾಗಿ ಇಡ್ತಾ ಹೋಗ್ತೀರಿ. ಪ್ರತಿ ಕಾರ್ಡಿಗೂ ಎರಡು ತುದಿ, ಒಂದು ತುದೀಲಿ ಓಡಾಟ, ಇನ್ನೊಂದ್ರಲ್ಲಿ ಎ, ಬಿ, ಸಿ ಅನ್ನೋ ಬಟನ್ನು ಅಥವಾ ರೋಬೋಟ್ ಕೆಲಸ, ಯಾವ ಕಡೆ ತಿರುಗಿಸಿ ಇಡ್ತೀರೋ ಅದು. ಆಡಿಯೋ ಮುಗಿದ್ಮೇಲೆ ಎರಡನೇ ಭಾಗ: ಇಟ್ಟ ಕಾರ್ಡ್‌ಗಳನ್ನ ಒಂದೊಂದೇ ಹೆಜ್ಜೆಯಾಗಿ ತೆರೆದು ನಿಜವಾಗ್ಲೂ ಏನಾಯ್ತು ಅಂತ ನೋಡೋದು, ಅಲ್ಲಿ ಬದಲಾಯಿಸೋಕೆ ಏನೂ ಇಲ್ಲ.

ಈಗ ನಿಮ್ಮ ಸ್ನೇಹಿತರ ಜಾಗದಲ್ಲಿ ನಿಂತು ಯೋಚಿಸಿ. ನಾಲ್ಕು ಜನಕ್ಕೆ ಹನ್ನೆರಡು ಹೆಜ್ಜೆ ಅಂದ್ರೆ ನಲವತ್ತೆಂಟು ಕಾರ್ಡಿನ ಜಾಗ, ಹತ್ತು ನಿಮಿಷ, ಅದ್ರಲ್ಲೂ ಮಧ್ಯೆ ಮಧ್ಯೆ ಸಂಪರ್ಕ ಕಡಿದೋಯ್ತು ಅಂತ ಆಡಿಯೋ ಹೇಳತ್ತೆ, ಆಗ ಯಾರೂ ಮಾತಾಡೋ ಹಾಗಿಲ್ಲ. ಎಷ್ಟೇ ಚುರುಕಿದ್ರೂ ಎಲ್ರದ್ದನ್ನೂ ಹಿಡ್ಕೊಳ್ಳೋಕಾಗಲ್ಲ. ಮೇಲಿನ ಎಡಗಡೆ ಲೇಸರ್ ಯಾರು ಹೊಡಿತಾರೆ, ಅದಕ್ಕೆ ಬೇಕಾದ ಎನರ್ಜಿ ಕೆಳಗಿನ ರಿಯಾಕ್ಟರಲ್ಲಿ ಇದೆಯಾ, ಅದನ್ನ ಮಧ್ಯದ ದೊಡ್ಡ ರಿಯಾಕ್ಟರಿಂದ ಎಳೆದು ತುಂಬ್ಸಿದಾರಾ, ದೊಡ್ಡದಕ್ಕೆ ಇಂಧನದ ಕ್ಯಾಪ್ಸೂಲ್ ಹಾಕಿದಾರಾ, ಏಟು ತಡೆಯೋ ಶೀಲ್ಡಿಗೆ ಅಂತ ಇನ್ನೊಬ್ರು ಅದೇ ಎನರ್ಜಿ ಆಗ್ಲೇ ಹೀರ್ಕೊಂಡ್ರಾ, ಹೀಗೆ ಒಂದಕ್ಕೊಂದು ಕೊಂಡಿ. ಲಿಫ್ಟಲ್ಲಿ ಒಂದು ಹೆಜ್ಜೆಗೆ ಒಬ್ರೇ ಸಲೀಸಾಗಿ ಹೋಗೋದು, ಅದೇ ಹೊತ್ತಿಗೆ ಇನ್ನೊಬ್ರು ಹತ್ತಿದ್ರೆ ಅವರ ಮುಂದಿನ ಕೆಲಸಗಳು ಒಂದೊಂದು ಹೆಜ್ಜೆ ಹಿಂದಕ್ಕೆ ಬೀಳ್ತವೆ, ಹೊಡಿಬೇಕಾಗಿದ್ದ ಗುಂಡು ಶತ್ರು ನೌಕೆ ಬಂದು ಏಟು ಕೊಟ್ಟ ಮೇಲೆ ಹಾರತ್ತೆ. ಇನ್ನೊಂದು ಚಿಕ್ಕ ಕೆಲಸ ಇದೆ, ಆ ಹನ್ನೆರಡು ಹೆಜ್ಜೆನ ಮೂರು ಹಂತ ಮಾಡಿರ್ತಾರೆ, ಪ್ರತಿ ಹಂತದ ಆರಂಭದಲ್ಲಿ ಯಾರಾದ್ರೂ ಒಬ್ರು ಮಧ್ಯದ ಮೇಲಿನ ಕೋಣೆಗೆ ಹೋಗಿ ಕಂಪ್ಯೂಟರಿನ ಮೌಸ್ ಅಲ್ಲಾಡಿಸ್ಬೇಕು, ಇಲ್ದಿದ್ರೆ ಸ್ಕ್ರೀನ್ ಸೇವರ್ ಬಂದು ಎಲ್ರ ಕೆಲಸವೂ ಒಂದು ಹೆಜ್ಜೆ ತಡ ಆಗತ್ತೆ. ಅದನ್ನ ‘ಯಾರಾದ್ರೂ ಮಾಡ್ತಾರೆ’ ಅಂತ ಬಿಟ್ಟ ಟೀಮು ಮುಳುಗಿದ್ ಹಾಗೇ ಲೆಕ್ಕ. ಒಂದು ಹಂತದಲ್ಲಿ ಒಬ್ರು ಅಂತ ಆಟ ಶುರುವಾಗೋ ಮುಂಚೇನೇ ಹೆಸರು ಹಿಡಿದು ಹಂಚ್ಕೊಳ್ಳಿ.

ಬಲ್ಲೋರು ಆಡೋದಕ್ಕೂ ಹೊಸಬರು ಆಡೋದಕ್ಕೂ ವ್ಯತ್ಯಾಸ ಎದ್ದು ಕಾಣೋದು ಒಂದೇ ಕಡೆ, ಒಟ್ಟಿಗೆ ಹೊಡಿಯೋದು. ಒಂದು ಹೆಜ್ಜೆಯಲ್ಲಿ ಒಂದು ಶತ್ರುವಿಗೆ ಬಿದ್ದ ಎಲ್ಲಾ ಏಟನ್ನೂ ಕೂಡಿಸಿ, ಅದ್ರಿಂದ ಅದರ ಶೀಲ್ಡನ್ನ ಒಂದ್ಸಲ ಮಾತ್ರ ಕಳೀತಾರೆ. ಶೀಲ್ಡ್ 3 ಇರೋ ಶತ್ರುವಿಗೆ ಒಬ್ರು 4ರ ಏಟು, ಇನ್ನೊಬ್ರು 2ರ ಏಟು ಬೇರೆ ಬೇರೆ ಹೆಜ್ಜೇಲಿ ಕೊಟ್ರೆ ಮೊದಲನೇದ್ರಿಂದ 1 ತಾಗತ್ತೆ, ಎರಡನೇದು ಪೂರ್ತಿ ವ್ಯರ್ಥ. ಅದೇ ಎರಡೂ ಒಂದೇ ಹೆಜ್ಜೇಲಿ ಬಿದ್ರೆ 3 ತಾಗತ್ತೆ. ಅದೇ ಇಬ್ರು, ಅದೇ ಗನ್ನು, ಮೂರು ಪಟ್ಟು ಪರಿಣಾಮ! ಹಾಗಾಗಿ ಆ ಹತ್ತು ನಿಮಿಷದಲ್ಲಿ ‘ನೀನು ಅಲ್ಲಿಗೆ ಹೋಗಿ ಹೊಡಿ’ ಅನ್ನೋ ಮಾತಿಗಿಂತ ‘ನಾನು ಐದನೇ ಹೆಜ್ಜೇಲಿ ಎಡಗಡೆ ಮೇಲಿಂದ ಹೊಡಿತೀನಿ, ಜೊತೆಗೆ ಯಾರು’ ಅನ್ನೋ ಮಾತಿಗೆ ಬೆಲೆ ಜಾಸ್ತಿ. ಗಮನಿಸಿ, ಮೊದಲನೇದು ಅಪ್ಪಣೆ, ಎರಡನೇದು ತನ್ನ ಕೆಲಸ ಹೇಳ್ಕೊಂಡು ಸಹಾಯ ಕೇಳೋದು. ಆಟದ ಲೆಕ್ಕಾಚಾರವೇ ನಿಮ್ಮನ್ನ ಎರಡನೇ ತರದ ಮಾತಿಗೆ ತರತ್ತೆ, ಯಾರೂ ಯಾರಿಗೂ ಬುದ್ಧಿ ಹೇಳ್ಬೇಕಾಗಿಲ್ಲ.

ಹಾಗಂತ ಟೈಮರ್ ಇದ್ದ ಮಾತ್ರಕ್ಕೆ ಎಲ್ಲಾ ತಾನಾಗೇ ಸರಿಹೋಗತ್ತೆ ಅಂತ ನಂಬಬೇಡಿ. ಮೊದಲ ಕೆಲವು ಆಟದಲ್ಲಿ ನಿಮ್ಮ ಸ್ನೇಹಿತರು ಎಲ್ರಿಗೂ ಹೇಳೋಕೆ ಹೋಗೇ ಹೋಗ್ತಾರೆ, ಅವರ ಸ್ವಂತ ಕಾರ್ಡ್ ಸಾಲು ಖಾಲಿ ಉಳಿಯತ್ತೆ, ನೌಕೆ ಒಡಿಯತ್ತೆ, ಅದನ್ನ ಎರಡನೇ ಭಾಗದಲ್ಲಿ ಎಲ್ರೂ ಕಣ್ಣಾರೆ ನೋಡ್ತಾರೆ. ನೌಕೆಗೆ ಕೆಂಪು, ಬಿಳಿ, ನೀಲಿ ಅಂತ ಮೂರು ವಲಯ ಇದೆ, ಯಾವ್ದೇ ಒಂದಕ್ಕೆ ಏಳು ಡ್ಯಾಮೇಜ್ ಆದ್ರೆ ಮುಗೀತು. ನಾನು ಹೇಳೋದು, ಕೆಂಪು ಒಬ್ರಿಗೆ, ನೀಲಿ ಒಬ್ರಿಗೆ, ಮಧ್ಯದ ರಿಯಾಕ್ಟರು ಮತ್ತೆ ಎನರ್ಜಿ ಲೆಕ್ಕ ಒಬ್ರಿಗೆ, ಒಳಗೆ ನುಗ್ಗೋ ಅಪಾಯಗಳು ಮತ್ತೆ ಮೌಸ್ ಅಲ್ಲಾಡಿಸೋದು ಒಬ್ರಿಗೆ ಅಂತ ಜವಾಬ್ದಾರಿ ಮೊದಲೇ ಹಂಚಿ. ನಿಯಮದ ಪ್ರಕಾರ ಕ್ಯಾಪ್ಟನ್ ಅಂತ ಒಬ್ಬರು ಇರ್ತಾರೆ, ಜಗಳ ಬಂದಾಗ ಕೊನೇ ಮಾತು ಅವರದ್ದು. ಆ ಪಾತ್ರನ ಚುರುಕಿನೋರಿಗೆ ಕೊಡ್ಬೇಡಿ, ನಿಮ್ಮಲ್ಲಿ ಕಮ್ಮಿ ಮಾತಾಡೋರಿಗೆ ಕೊಡಿ. ಚುರುಕಿನೋರಿಗೆ ಎನರ್ಜಿ ಲೆಕ್ಕ ಕೊಡಿ, ಅದು ಅವರ ತಲೆಗೆ ಸರಿಯಾದ ಕೆಲಸ, ಅದ್ರಲ್ಲೇ ಅವರು ಮುಳುಗಿ ಹೋಗ್ತಾರೆ, ಅವರ ಬುದ್ಧಿಯೂ ಪೂರ್ತಿ ಬಳಕೆ ಆಗತ್ತೆ.

ಈಗ ಹೆದರಿಕೆ ವಿಷ್ಯ. ಇದನ್ನ ಹಗುರವಾಗಿ ತಗೋಬೇಡಿ, ಟೈಮ್ ಪ್ರೆಷರ್ ಕೆಲವರಿಗೆ ನಿಜವಾಗ್ಲೂ ಹಿಂಸೆ, ‘ಒಂದ್ಸಲ ಆಡು ಅಭ್ಯಾಸ ಆಗತ್ತೆ’ ಅಂತ ತಳ್ಳೋದು ಸರಿಯಲ್ಲ. ಒಳ್ಳೇ ವಿಷ್ಯ ಏನಪ್ಪಾ ಅಂದ್ರೆ ಈ ಆಟ ಕಲಿಸೋ ಕ್ರಮವನ್ನೇ ಮೆಟ್ಟಿಲು ಮೆಟ್ಟಿಲಾಗಿ ಮಾಡಿದಾರೆ. ಮೊದಲು ಟೆಸ್ಟ್ ರನ್ ಅಂತ ಚಿಕ್ಕ ಆಡಿಯೋ ಇರೋ ಸುಲಭದ ಆಟ, ಆಮೇಲೆ ಸಿಮ್ಯುಲೇಶನ್, ಆಮೇಲೆ ಕಷ್ಟದ ಸಿಮ್ಯುಲೇಶನ್, ಒಳಗೆ ನುಗ್ಗೋ ಶತ್ರುಗಳೆಲ್ಲ ಆಮೇಲಾಮೇಲೆ ಬರ್ತಾರೆ, ಪೂರ್ತಿ ಮಿಷನ್ ಕೊನೇಲಿ. ಈ ಕ್ರಮ ಬಿಟ್ಟು ನೇರ ಮಿಷನ್‌ಗೆ ಹಾರಿದೋರೇ ಆ ಆಟನ ಕಪಾಟಿಗೆ ಸೇರಿಸ್ಬಿಡೋದು. ಇದಕ್ಕೆ ನನ್ನ ಕಡೆಯಿಂದ ಇನ್ನೊಂದು ಸೇರಿಸ್ತೀನಿ: ಮೊದಲ ಸಂಜೆ ಆಡಿಯೋ ಹಾಕ್ಕೊಂಡೇ ಆಡ್ಬೇಡಿ. ಎರಡು ಮೂರು ಅಪಾಯದ ಕಾರ್ಡ್ ತೆರೆದಿಟ್ಕೊಂಡು, ಗಡಿಯಾರ ಇಲ್ದೇ, ಆರಾಮಾಗಿ ನಾಲ್ಕು ಜನ ಕೂತು ಪ್ಲಾನ್ ಮಾಡಿ, ಕಾಯಿಗಳನ್ನ ಬೋರ್ಡ್ ಮೇಲೆ ಓಡಾಡಿಸಿ, ಎರಡನೇ ಭಾಗ ನಡೆಸಿ ನೋಡಿ. ಯಾವ ಬಟನ್ ಯಾವ ಕೋಣೇಲಿ ಏನು ಮಾಡತ್ತೆ ಅಂತ ಕೈಗೆ ಬಂದ್ಮೇಲೆ ಅರ್ಧ ಹೆದರಿಕೆ ಹೋಗತ್ತೆ, ಯಾಕಂದ್ರೆ ಹೆಚ್ಚಿನೋರು ಹೆದರೋದು ಗಡಿಯಾರಕ್ಕಲ್ಲ, ಎಲ್ರ ಮುಂದೆ ಏನು ಮಾಡ್ಬೇಕು ಅಂತ ಗೊತ್ತಿಲ್ದೇ ನಿಲ್ಲೋದಕ್ಕೆ.

ಅವರಿಗೆ ಇನ್ನೊಂದು ಮಾತು ತಲುಪ್ಸಿ: ಖಾಲಿ ಜಾಗ ಬಿಡೋದು ತಪ್ಪಲ್ಲ. ಹನ್ನೆರಡೂ ತುಂಬಿಸ್ಲೇಬೇಕು ಅಂತಿಲ್ಲ. ತಡ ಆದಾಗ ಕಾರ್ಡ್‌ಗಳು ಮುಂದಿನ ಖಾಲಿ ಜಾಗದ ತನಕ ಮಾತ್ರ ಜರುಗ್ತವೆ, ಖಾಲಿ ಜಾಗ ಆ ತಡವನ್ನ ನುಂಗಿಬಿಡತ್ತೆ, ಅದರ ಆಚೆ ಇರೋದೆಲ್ಲ ತನ್ನ ಹೊತ್ತಿಗೇ ಸರಿಯಾಗಿ ನಡಿಯತ್ತೆ. ಸಾಲು ತುಂಬಿಸ್ಕೊಂಡೋರಿಗಿಂತ ಎಲ್ಲೋ ಒಂದು ಕಡೆ ಉಸಿರು ಬಿಡೋ ಜಾಗ ಇಟ್ಕೊಂಡೋರೇ ಎಷ್ಟೋ ಸಲ ನೌಕೆ ಉಳಿಸ್ತಾರೆ.

ಇಷ್ಟೆಲ್ಲಾ ಆದ್ಮೇಲೂ ಅವರಿಗೆ ಬೇಡ ಅನ್ಸಿದ್ರೆ ಬಿಡಿ, ಬಲವಂತ ಬೇಡ, ಆಗ ನಾನು ಕೈ ತೋರ್ಸೋದು ದಿ ಕ್ರೂ ಕಡೆಗೆ. ಥಾಮಸ್ ಸಿಂಗ್ ಅವರದ್ದು, 2019ರಲ್ಲಿ ಬಂತು, 2020ರಲ್ಲಿ ಜರ್ಮನಿಯ ಕೆನ್ನರ್‌ಸ್ಪೀಲ್ ಪ್ರಶಸ್ತಿ ತಗೊಂತು. ಒಂಬತ್ತನೇ ಗ್ರಹ ಹುಡುಕ್ಕೊಂಡು ಹೋಗೋ ಕಥೆ, 50 ಮಿಷನ್ನು, ಡಬ್ಬ ಅಂಗೈ ಅಗಲ. ಆಟದ ಎಲೆ ನಲವತ್ತು, ನಾಲ್ಕು ಬಣ್ಣದಲ್ಲಿ 1ರಿಂದ 9, ಜೊತೆಗೆ ನಾಲ್ಕು ರಾಕೆಟ್, ರಾಕೆಟ್ಟೇ ತುರುಪು. ಒಬ್ರು ಎಲೆ ಇಳಿಸ್ತಾರೆ, ಆ ಬಣ್ಣ ಇದ್ರೆ ಎಲ್ರೂ ಅದನ್ನೇ ಹಾಕ್ಬೇಕು, ದೊಡ್ಡದು ಗೆಲ್ಲತ್ತೆ, ತುರುಪಾಟ ಗೊತ್ತಿದ್ದೋರಿಗೆ ಕ್ಷಣದಲ್ಲಿ ಅರ್ಥ ಆಗತ್ತೆ. ವ್ಯತ್ಯಾಸ ಏನಂದ್ರೆ ಇಲ್ಲಿ ಹಸಿರು 6 ಇವರೇ ಗೆಲ್ಬೇಕು, ಹಳದಿ 2 ಅವರೇ ಗೆಲ್ಬೇಕು ಅಂತ ಕೆಲಸ ಹಂಚಿರತ್ತೆ, ನಾಲ್ಕೂ ಜನ ಸೇರಿ ಅದನ್ನ ನೆರವೇರಿಸ್ಬೇಕು, ಮತ್ತೆ ಕೈಯಲ್ಲಿ ಏನಿದೆ ಅಂತ ಹೇಳೋ ಹಾಗಿಲ್ಲ. ಇಡೀ ಮಿಷನ್ನಿಗೆ ಒಬ್ರು ಒಂದೇ ಸಲ ಒಂದು ಎಲೆ ತೋರಿಸಿ, ಈ ಬಣ್ಣದಲ್ಲಿ ಇದೇ ನನ್ನ ದೊಡ್ಡದು, ಅಥವಾ ಇದೇ ಚಿಕ್ಕದು, ಅಥವಾ ಇದೊಂದೇ ಇರೋದು ಅಂತ ಒಂದು ಬಿಲ್ಲೆ ಇಟ್ಟು ತಿಳಿಸ್ಬೋದು, ರಾಕೆಟ್ ತೋರ್ಸೋ ಹಾಗಿಲ್ಲ. ಗಡಿಯಾರ ಇಲ್ಲ, ಕೂಗಾಟ ಇಲ್ಲ, ಎಷ್ಟು ಹೊತ್ತು ಬೇಕಾದ್ರೂ ಯೋಚ್ನೆ ಮಾಡಿ, ಆದ್ರೂ ನಿಮ್ಮ ಪರವಾಗಿ ಇನ್ನೊಬ್ರು ಆಡೋಕೆ ಸಾಧ್ಯವೇ ಇಲ್ಲ ಯಾಕಂದ್ರೆ ನಿಮ್ಮ ಎಲೆ ಅವರಿಗೆ ಕಾಣಲ್ಲ. ನೌಕೆ, ಆಕ್ಸಿಜನ್ ಅಂತ ಮೈ ನಡುಗಿಸೋ ಅನುಭವ ಇದ್ರಲ್ಲಿ ತೆಳು, ಕಥೆ ಬರೀ ಪುಸ್ತಕದಲ್ಲಿ ಓದ್ಕೊಳ್ಳೋಷ್ಟು ಮಾತ್ರ, ಅದು ನಿಮಗೆ ಮುಖ್ಯ ಆದ್ರೆ ಬೇಸರ ಆಗ್ಬೋದು. ಆದ್ರೆ ಒಬ್ಬರನ್ನೊಬ್ಬರು ಅರ್ಥ ಮಾಡ್ಕೊಳ್ಳೋ ಸುಖ ಇದ್ರಲ್ಲಿ ಇರೋಷ್ಟು ಬೇರೆ ಕಡೆ ನಾನು ಕಂಡಿಲ್ಲ.

ಸ್ಪೇಸ್ ಕೆಡೆಟ್ಸ್ ಅಂತ ಇನ್ನೊಂದಿದೆ, 2012ರದ್ದು, ಅದ್ರಲ್ಲಿ ಪ್ರತಿಯೊಬ್ಬರ ಕೆಲಸವೇ ಬೇರೆ ಬೇರೆ ಪುಟ್ಟ ಆಟ, ಸೆನ್ಸರ್ ನೋಡೋರು ಚೀಲದೊಳಗೆ ಕೈ ಹಾಕಿ ಆಕಾರ ತಡಕಾಡಿ ಹುಡುಕ್ಬೇಕು, ಅದೂ ಮೂವತ್ತು ಸೆಕೆಂಡಲ್ಲಿ. ಮಜಾ ಇದೆ, ಆದ್ರೆ ಟೈಮರ್ ಹೆದರಿಕೆ ಇರೋರಿಗೆ ಅದು ಇನ್ನೂ ಕಷ್ಟ, ಈಗ ಬೇಡ.

ನೆಮೆಸಿಸ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಸ್ಪೇಸಲ್ಲಿ ಬದುಕೋ ಆಟ ಅಂತ ಹುಡುಕಿದ್ರೆ ಅದು ಕಣ್ಣಿಗೆ ಬಿದ್ದೇ ಬೀಳತ್ತೆ ಅದಕ್ಕೇ ಹೇಳ್ತೀನಿ. ಆಡಮ್ ಕ್ವಾಪಿನ್‌ಸ್ಕಿ ಅವರದ್ದು, 2018ರದ್ದು. ವಾತಾವರಣ ಅದ್ಭುತ, ಕತ್ತಲೆ ಕಾರಿಡಾರು, ಎಲ್ಲೋ ಸದ್ದು, ಎಂಜಿನ್ ಕೆಲಸ ಮಾಡ್ತಿದೆಯಾ ಇಲ್ವಾ ಅಂತ ಹೋಗಿ ನೋಡಿದೋರಿಗೆ ಮಾತ್ರ ಗೊತ್ತು. ಆದ್ರೆ ಅದು ಪೂರ್ತಿ ಒಂದೇ ಟೀಮಿನ ಆಟ ಅಲ್ಲ, ಪ್ರತಿಯೊಬ್ಬರಿಗೂ ಗುಟ್ಟಾದ ಗುರಿ ಇರತ್ತೆ, ಕೆಲವು ಗುರಿ ಪ್ರಕಾರ ಇನ್ನೊಬ್ರು ಸಾಯ್ಬೇಕು, ಎಂಜಿನ್ ನೋಡಿ ಬಂದೋರು ಸುಳ್ಳು ಹೇಳ್ಬೋದು. ಆಲ್ಫಾ ಪ್ಲೇಯರ್ ತೊಂದ್ರೆ ಖಂಡಿತ ಹೋಗತ್ತೆ, ಯಾಕಂದ್ರೆ ಹೇಳೋರ ಮಾತು ಯಾರೂ ನಂಬಲ್ಲ. ಆದ್ರೆ ನೀವು ಬರ್ದಿರೋದ್ರಿಂದ ನನಗನ್ಸೋದು ನಿಮಗೆ ಬೇಕಾಗಿರೋದು ಜೊತೆಗೂಡಿ ಗೆಲ್ಲೋ ಖುಷಿ, ಅನುಮಾನದ ರೋಮಾಂಚನ ಅಲ್ಲ. ಅದ್ರಲ್ಲಿ ಪೂರ್ತಿ ಜೊತೆಗೂಡಿ ಆಡೋ ಕ್ರಮವೂ ಇದೆ, ಆದ್ರೆ ಹಾಗೆ ಆಡಿದ್ರೆ ನಿಮ್ಮ ಹಳೇ ತೊಂದ್ರೆ ಮತ್ತೆ ಬಾಗಿಲು ತಟ್ಟತ್ತೆ.

ಹೊಸ ಆಟ ಬರೋ ತನಕ ಈಗ ನಿಮ್ಮ ಹತ್ರ ಇರೋದನ್ನೇ ಬೇರೆ ತರ ಆಡ್ಬೋದು. ನಾಸಾದ ಮಿಷನ್ ಕಂಟ್ರೋಲಲ್ಲಿ ಫ್ಲೈಟ್ ಡೈರೆಕ್ಟರ್ ದೊಡ್ಡ ನಿರ್ಧಾರಕ್ಕೆ ಮುಂಚೆ ಒಬ್ಬೊಬ್ಬ ಕಂಟ್ರೋಲರನ್ನೂ ಗೋ ಅಥವಾ ನೋ ಗೋ ಅಂತ ಕೇಳ್ತಾರೆ, ಅವರವರು ಅವರವರ ಕನ್ಸೋಲಿನ ಬಗ್ಗೆ ಮಾತ್ರ ಉತ್ತರ ಕೊಡ್ತಾರೆ. ನೌಕೆಯಲ್ಲಿರೋರ ಜೊತೆ ಮಾತಾಡೋದು ಸಾಮಾನ್ಯವಾಗಿ ಕ್ಯಾಪ್‌ಕಾಮ್ ಅನ್ನೋ ಒಬ್ರೇ. 1970ರ ಏಪ್ರಿಲಲ್ಲಿ ಅಪೊಲೊ 13ರ ಆಕ್ಸಿಜನ್ ಟ್ಯಾಂಕ್ ಸಿಡಿದು, ಮೂರು ಜನ, ಚಂದ್ರನ ಮೇಲೆ ಇಳಿಯೋಕೆ ಇಬ್ಬರಿಗೆ ಅಂತ ಮಾಡಿದ್ದ ಲೂನಾರ್ ಮಾಡ್ಯೂಲಲ್ಲಿ ಉಸಿರಾಡ್ಬೇಕಾಗಿ ಬಂದಾಗ, ಮುಖ್ಯ ನೌಕೆಯಲ್ಲಿ ಗಾಳಿ ಶುದ್ಧ ಮಾಡ್ತಿದ್ದ ಚೌಕದ ಡಬ್ಬವನ್ನ ಲೂನಾರ್ ಮಾಡ್ಯೂಲಿನ ದುಂಡನೆ ಡಬ್ಬದ ಜಾಗಕ್ಕೆ ಜೋಡ್ಸಿ ಕಾರ್ಬನ್ ಡೈಆಕ್ಸೈಡ್ ಹೀರಿಸೋ ಉಪಾಯ ನೆಲದ ಮೇಲೆ ಹಲವರು ಸೇರಿ ಹುಡುಕಿದ್ರು, ಪ್ಲಾಸ್ಟಿಕ್ ಚೀಲ, ಕಾರ್ಡ್‌ಬೋರ್ಡ್, ಸೂಟಿನ ಪೈಪು, ಟೇಪು. ಅದನ್ನ ರೇಡಿಯೋದಲ್ಲಿ ಹೆಜ್ಜೆ ಹೆಜ್ಜೆಯಾಗಿ ಓದಿ ಹೇಳಿದ್ರು, ಮೇಲಿದ್ದೋರು ಅದನ್ನ ಕೇಳಿ ಕೈಯಾರೆ ಮಾಡಿದ್ರು.

ಇದನ್ನೇ ಮೇಜಿಗೆ ತನ್ನಿ. ಕೈಯಲ್ಲಿರೋ ಕಾರ್ಡ್ ಯಾರೂ ತೋರ್ಸೋ ಹಾಗಿಲ್ಲ, ಮಾತಲ್ಲಿ ಹೇಳ್ಬೋದು. ಪ್ರತಿ ಸುತ್ತಿನ ಆರಂಭದಲ್ಲಿ ಒಬ್ಬೊಬ್ರು ಒಂದೊಂದೇ ವಾಕ್ಯ, ತನ್ನ ಪಾತ್ರ ಏನು ಮಾಡ್ಬೋದು, ಏನು ಕೊರತೆ ಇದೆ ಅಂತ, ಅಷ್ಟೇ. ಇನ್ನೊಬ್ಬರ ಟರ್ನ್ ಬಗ್ಗೆ ಅವರಾಗೇ ಕೇಳೋ ತನಕ ಸಲಹೆ ಇಲ್ಲ, ಕೇಳಿದ್ಮೇಲೆ ಎಷ್ಟು ಬೇಕಾದ್ರೂ ಹೇಳಿ. ಸೋಲ್ತೀರಿ, ಮೊದಮೊದಲು ಜಾಸ್ತೀನೇ ಸೋಲ್ತೀರಿ, ಆಗ ಕಷ್ಟದ ಮಟ್ಟ ಒಂದು ಹಂತ ಇಳಿಸ್ಕೊಳ್ಳಿ, ಅದ್ರಲ್ಲಿ ನಾಚ್ಕೊಳ್ಳೋದೇನಿಲ್ಲ. ನಾಲ್ಕು ಜನ ಆಡಿ ಸುಲಭದ ಮಟ್ಟ ಗೆಲ್ಲೋದು ಒಬ್ರು ಆಡಿ ಕಷ್ಟದ ಮಟ್ಟ ಗೆದ್ದಿದ್ದಕ್ಕಿಂತ ನನಗೆ ದೊಡ್ಡದು.

ಸ್ಪೇಸ್ ಅಲರ್ಟ್ ತಂದ್ಮೇಲೆ ಒಂದು ವಿಷ್ಯ ಗಮನದಲ್ಲಿರ್ಲಿ. ಆಡಿಯೋದಲ್ಲಿ ದೃಢವಾಗದ ವರದಿ ಅಂತ ಕೆಲವು ಅಪಾಯ ಹೇಳತ್ತೆ, ಅದು ಐದು ಜನ ಆಡುವಾಗ ಮಾತ್ರ ಲೆಕ್ಕಕ್ಕೆ, ನೀವು ನಾಲ್ಕು ಜನ ಅದನ್ನ ಕಿವಿಗೇ ಹಾಕೋಬೇಡಿ. ಇದು ತಿಳೀದೇ ಎಷ್ಟೋ ಗುಂಪು ಬೇಕಿಲ್ದಿರೋ ಶತ್ರುಗಳನ್ನ ಬೋರ್ಡ್ ಮೇಲೆ ತಂದು ಸುಮ್ಸುಮ್ನೆ ಸೋತು ಆಟವನ್ನ ಬೈತಾರೆ. ನೌಕೆ ಒಡೆದ ಮೇಲೂ ತಕ್ಷಣ ಮುಚ್ಚಿಡ್ಬೇಡಿ, ಕಾರ್ಡ್‌ಗಳನ್ನ ಹಾಗೇ ಬಿಟ್ಟು ಮೊದಲ ತಡ ಯಾವ ಹೆಜ್ಜೇಲಿ ಶುರುವಾಯ್ತು ಅಂತ ಹಿಂದಕ್ಕೆ ಹುಡುಕ್ಕೊಂಡು ಹೋಗಿ. ಆ ಹುಡುಕಾಟದಲ್ಲಿ ನಿಮ್ಮ ಚುರುಕಿನ ಸ್ನೇಹಿತರಿಗೆ ಎಷ್ಟು ಬೇಕಾದ್ರೂ ಮಾತಾಡೋಕೆ ಬಿಡಿ, ಅಲ್ಲಿ ಅವರ ಮಾತಿಂದ ಎಲ್ರಿಗೂ ಉಪಯೋಗ.